ಒನೆಹಂಗದ ಪುರಾಧ್ಯಕ್ಷೆ ಎಲಿಜಬೆತ್ ಯೇಟ್ಸ್

ಹುಟ್ಟೂರನ್ನು ಬಿಟ್ಟು ಪರಸ್ಥಳದಲ್ಲಿ ನೆಲಸಿದ ನಮ್ಮಂಥವರಲ್ಲಿ ಒಂದು ಭಾವನೆ ಸುಲಭವಾಗಿ ಬೇರೂರುತ್ತದೆ. ಇಲ್ಲಿಯ ನೀರು ನಾವು ಕುಡಿಯುತ್ತೇವೆ, ಇಲ್ಲಿಯ ತೆರಿಗೆಯನ್ನು ನಾವು ಕಟ್ಟುತ್ತೇವೆ. ಊರಿನ ಆಡಳಿತ ಮಾತ್ರ ಬೇರೆಯವರ ಪಾಡೆಂದು ಸುಮ್ಮನಿರುತ್ತೇವೆ. ವಲಸೆ ಬಂದ ಊರನ್ನೇ ತಮ್ಮದೆಂದು ಬಗೆದು ಅದರ ಭಾರವನ್ನು ಹೊತ್ತ ಮಹಿಳೆಯೊಬ್ಬರ ಚರಿತ್ರೆಯನ್ನು ಈ ನಾಡಹಬ್ಬದ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ನಮಗೆ ತೋರಿತು. ಬ್ರಿಟಿಷ್ ಸಾಮ್ರಾಜ್ಯದಲ್ಲೇ ಮೊಟ್ಟಮೊದಲ ಮಹಿಳಾ ಮೇಯರ್ ಎನಿಸಿದ ಶ್ರೀಮತಿ ಎಲಿಜಬೆತ್ ಯೇಟ್ಸರೇ ಆಕೆ.

ಸ್ಕಾಟ್ಲೆಂಡಿನ ಉತ್ತರ ತುದಿಯ ಕೇತ್‌ನೆಸ್ ಪ್ರಾಂತದಲ್ಲಿ ಓಮನ್ ಎಂಬ ಕೂಲಿಕಾರರ ಮಗಳಾಗಿ ಹುಟ್ಟಿದ ಎಲಿಜಬೆತ್, 1853ರಲ್ಲಿ ತಂದೆತಾಯಿಗಳೊಡನೆ ಹಡಗೇರಿ ನ್ಯೂಜಿಲೆಂಡಿಗೆ ಬಂದರು. ಆಕ್ಲೆಂಡಿನ ಬಳಿಯ ಒನೆಹಂಗವೆಂಬ ಪುಟ್ಟ ಬಂದರು ಪಟ್ಟಣವೇ ಅವರ ಊರಾಯಿತು. 1875ರಲ್ಲಿ ಹಡಗಿನ ಕಪ್ತಾನರಾದ ಮೈಕೇಲ್ ಯೇಟ್ಸರ ಕೈಹಿಡಿದರು. ಪತಿ 1888ರಿಂದ 1892ರವರೆಗೆ ಪಟ್ಟಣದ ಮೇಯರರಾಗಿದ್ದು, ಅನಾರೋಗ್ಯದಿಂದ ನಿವೃತ್ತರಾದರು. ಆ ವೇಳೆಗಾಗಲೇ ಎಲಿಜಬೆತ್ತರು ಚರ್ಚಾಕೂಟಗಳಲ್ಲಿ ಭಾಗವಹಿಸುತ್ತ, ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು ವಾದಿಸುತ್ತಿದ್ದರು.

1893ರ ಸೆಪ್ಟೆಂಬರಿನಲ್ಲಿ ನ್ಯೂಜಿಲೆಂಡಿನ ಸ್ತ್ರೀಯರಿಗೆ ಪಾರ್ಲಿಮೆಂಟಿನ ಮತಾಧಿಕಾರ ದೊರೆಯಿತು. ನವೆಂಬರ್ 28ರಂದು ಅವರು ಮೊದಲ ಸಲ ಮತ ಹಾಕಿದರು. ಅದರ ಮರುದಿನವೇ ಒನೆಹಂಗದ ಮೇಯರ್ ಚುನಾವಣೆ. ಶ್ರೀಮತಿ ಯೇಟ್ಸರು ಪ್ರತಿಸ್ಪರ್ಧಿಯನ್ನು ಅಲ್ಪ ಅಂತರದಿಂದ ಸೋಲಿಸಿ ಗೆದ್ದರು. ಪ್ರಧಾನಿ ಸೆಡನ್ನರಿಂದಲೂ ವಿಕ್ಟೋರಿಯಾ ರಾಣಿಯಿಂದಲೂ ಅಭಿನಂದನೆಗಳು ಬಂದುವು. ಸ್ವಂತ ಪುರಸಭೆಯಿಂದ ಬಂದುವು ರಾಜೀನಾಮೆ ಪತ್ರಗಳು! ನಾಲ್ವರು ಸದಸ್ಯರೂ ಪುರಸಭೆಯ ಕಾರ್ಯದರ್ಶಿಯೂ ಕೂಡಲೇ ಸ್ಥಾನ ಬಿಟ್ಟು ಹೋದರು. ಉಳಿದವರಲ್ಲಿ ಮೂವರು ಆಕೆ ತಂದ ಸೂಚನೆಗಳನ್ನೆಲ್ಲ ಪಟ್ಟುಹಿಡಿದು ವಿರೋಧಿಸಿದರು. ಸಭೆ ಸೇರಿದಾಗಲೆಲ್ಲ ಜನ ಕಿಕ್ಕಿರಿದು, ಕೂಗಾಡಿ ಗದ್ದಲವೆಬ್ಬಿಸುತ್ತಿದ್ದರು.

ನ್ಯಾಯವಾಗಿ ಹೇಳಬೇಕಾದರೆ, ಆಕೆಯ ಮಾತೂ ನಯವಾದುದಾಗಿರಲಿಲ್ಲ. ಸಭಾನಿಯಮಗಳನ್ನು ಲೆಕ್ಕಿಸದೆ ತಮ್ಮ ತೀರ್ಮಾನವನ್ನೇ ನಡೆಸಹೊರಡುತ್ತಿದ್ದುದೂ ಉಂಟು. ಆದರೂ ಒಂದೇ ವರ್ಷದಲ್ಲಿ ನಡೆದ ಕೆಲಸವನ್ನು ನೋಡಿ. ಪಟ್ಟಣದ ಸಾಲ ತೀರಿತು. ಮುಂದಿನ ಸಾಲಗಳಿಗಾಗಿ ಹಣ ಕೂಡಿಡುವ ನಿಧಿಯೊಂದು ಏರ್ಪಟ್ಟಿತು. ರಸ್ತೆಗಳೂ ಕಾಲುದಾರಿಗಳೂ ಸುಧಾರಿಸಿದುವು, ನೈರ್ಮಲ್ಯ ಹೆಚ್ಚಿತು. ಬೆಂಕಿ ಆರಿಸುವ ದಳಕ್ಕೆ ಹೊಸ ವ್ಯವಸ್ಥೆ ಬಂದಿತು. ಹೆಂಗಸಿನಿಂದ ಆಡಳಿತ ಸಾಧ್ಯವೇ ಎಂದು ಮೂದಲಿಸಿದವರೇ ಆಕೆಯ ದಕ್ಷತೆಯನ್ನು ಒಪ್ಪಬೇಕಾಯಿತು.

ದಕ್ಷತೆಯನ್ನು ಒಪ್ಪುವುದು ಬೇರೆ, ಮತ ಕೊಡುವುದು ಬೇರೆ. 1894ರ ನವೆಂಬರ್ 28ರಂದು ನಡೆದ ಮುಂದಿನ ಚುನಾವಣೆಯಲ್ಲಿ ಶ್ರೀಮತಿ ಯೇಟ್ಸರು ಸೋತರು. ಅಧಿಕಾರ ಹೋಯಿತೆಂದು ಊರನ್ನೇನೂ ದೂರ ಮಾಡಲಿಲ್ಲ. 1899ರಲ್ಲಿ ಅದೇ ಪುರಸಭೆಗೆ ಸಾಮಾನ್ಯ ಸದಸ್ಯೆಯಾಗಿ ಮರಳಿ, 1901ರವರೆಗೆ ದುಡಿದರು. ಮೇಯರ್ ಪೀಠದಲ್ಲಿ ಕುಳಿತವರು ಕೆಳಗಿನ ಪೀಠದಲ್ಲಿ ಕುಳಿತುಕೊಳ್ಳಲು ಎಂಥ ಮನಸ್ಸು ಬೇಕೆಂಬುದನ್ನು ಸಂಘ ಸಂಸ್ಥೆಗಳಲ್ಲಿ ಕೆಲಸ ಮಾಡಿದವರು ಬಲ್ಲರು.

ಕಡೆಯ ವರ್ಷಗಳು ದುಃಖದವು. 1902ರಲ್ಲಿ ಪತಿವಿಯೋಗವಾಯಿತು. 1909ರಲ್ಲಿ ಆಕ್ಲೆಂಡಿನ ಮಾನಸಿಕ ಆಸ್ಪತ್ರೆ ಸೇರಿದ ಅವರು 1918ರ ಸೆಪ್ಟೆಂಬರ್ 6ರಂದು ಅಲ್ಲಿಯೇ ತೀರಿಕೊಂಡರು. ಒನೆಹಂಗದ ಸಂತ ಪೀಟರ್ ಇಗರ್ಜಿಯ ಅಂಗಳದಲ್ಲಿ ಪತಿಯ ಪಕ್ಕದಲ್ಲೇ ಅವರ ಸಮಾಧಿಯಿದೆ. ನ್ಯೂಜಿಲೆಂಡಿನ ಸ್ತ್ರೀಯರಿಗೆ ಪಾರ್ಲಿಮೆಂಟಿಗೆ ಸ್ಪರ್ಧಿಸುವ ಹಕ್ಕು ಬಂದುದು ಅವರು ಕಣ್ಮುಚ್ಚಿದ ಮರುವರ್ಷ, 1919ರಲ್ಲಿ.

ಒಂದು ವರ್ಷದ ಅಧಿಕಾರ ದೊಡ್ಡದೇನಲ್ಲ. ಆದರೆ ಕೂಗಾಟದ ನಡುವೆ ಲೆಕ್ಕದ ಪುಸ್ತಕವನ್ನು ಬಿಡದೆ ಹಿಡಿದ ಕೈ ದೊಡ್ಡದು. ದೂರದ ಸೀಮೆಯಿಂದ ಬಂದ ಕೂಲಿಕಾರರ ಮಗಳು ಬಂದ ಊರಿಗೆ ಅಷ್ಟನ್ನು ಮಾಡಿದರೆಂದಮೇಲೆ, ನಮ್ಮ ಬೀದಿಯ ದೀಪ, ಚರಂಡಿ, ಶಾಲೆಗಳ ಮಾತು ಬಂದಾಗ ನಾವು, ನಮ್ಮ ಮನೆಯ ಹೆಣ್ಣುಮಕ್ಕಳು, ಪರಸ್ಥಳದವರೆಂದು ಹಿಂದೆ ಸರಿಯಬೇಕಾಗಿಲ್ಲ.