ಫಾದರ್ ಮುಲ್ಲರ್: ಕೊಟ್ಟವರು ಪುಣ್ಯಾತ್ಮರಾದರೆ ಔಷಧಿ ಕೆಲಸ ಮಾಡುತ್ತದೆಯೇ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಕಾಯಿಲೆಯ ಮಾತು ಬಂದಾಗ ಒಂದು ತರ್ಕ ಆಗಾಗ ಕಿವಿಗೆ ಬೀಳುತ್ತದೆ. ಔಷಧಿ ಕೊಡುವವರು ದೈವಭಕ್ತರು, ಬಡವರಿಂದ ಒಂದು ಪೈಸೆಯನ್ನೂ ಮುಟ್ಟುವುದಿಲ್ಲ. ಅಂದಮೇಲೆ ಅವರ ಔಷಧಿ ಸುಳ್ಳಾಗುವುದು ಹೇಗೆ ಎನ್ನುತ್ತಾರೆ. ಮೈಮೇಲೆ ಮಚ್ಚೆ ಎದ್ದು ಆ ಜಾಗ ಜೋಮು ಹಿಡಿದರೂ ಕೆಲವರು ಸರ್ಕಾರಿ ದವಾಖಾನೆಗೆ ಹೋಗುವ ಮೊದಲು ಇಂಥವರ ಮನೆ ಬಾಗಿಲಿಗೆ ಹೋಗುತ್ತಾರೆ. ಆ ಮಚ್ಚೆ ಕುಷ್ಠರೋಗದ್ದಾಗಿದ್ದರೆ ತಡವಾದಷ್ಟೂ ನರಗಳಿಗೆ ಪೆಟ್ಟು ಹೆಚ್ಚು.

ಈ ತರ್ಕ ಎಷ್ಟು ಸರಿ ಎಂದು ನೋಡಲು ನಾವು ಒಬ್ಬರ ಬದುಕನ್ನು ಆರಿಸಿಕೊಂಡಿದ್ದೇವೆ. ಅವರು ಕಲಬುರಗಿ ಸೀಮೆಯವರಲ್ಲ. ರಾಜ್ಯದ ಇನ್ನೊಂದು ತುದಿಯ ಮಂಗಳೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದವರು. ಅವರ ಒಳ್ಳೆಯತನದಲ್ಲಿ ಯಾರಿಗೂ ಅನುಮಾನವಿಲ್ಲ. ಅವರು ನಂಬಿದ್ದ ಔಷಧಿಯನ್ನು ಮಾತ್ರ ಇಂದಿನ ವಿಜ್ಞಾನ ಒಪ್ಪುವುದಿಲ್ಲ.

ಪಾಠ ಹೇಳುತ್ತಿದ್ದ ಪಾದ್ರಿ

ಆಗಸ್ಟಸ್ ಮುಲ್ಲರ್ ಹುಟ್ಟಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದಲ್ಲಿ. ಯುವಕನಾಗಿದ್ದಾಗಲೇ ಯೇಸುಸಭೆ ಸೇರಿ ಪಾದ್ರಿಯಾದರು. ಭಾರತಕ್ಕೆ ಬರುವ ಮೊದಲೇ ಹೋಮಿಯೋಪತಿ ಕಲಿತಿದ್ದರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಮೊದಲ ತಂಡದಲ್ಲಿ ಅವರೂ ಇದ್ದರು. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಮ್ಮ ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿತ್ತು.

1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಆರಂಭವಾದಾಗ ಮುಲ್ಲರ್ ಅಲ್ಲಿ ಶಿಕ್ಷಕರಾದರು. ಜೊತೆಗೆ ಕಾಯಿಲೆಯವರಿಗೆ ಹೋಮಿಯೋಪತಿ ಗುಳಿಗೆ ಕೊಡತೊಡಗಿದರು. ಅದೇ ವರ್ಷ ಕಂಕನಾಡಿಯಲ್ಲಿ ಬಡವರ ಔಷಧಾಲಯ ತೆರೆದರು. ಅದು ಶುರುವಾಗಿದ್ದು ಒಂದು ಆಲದ ಮರದ ಕೆಳಗೆ ಎಂದು ಮಂಗಳೂರಿನವರು ಇಂದಿಗೂ ಹೇಳುತ್ತಾರೆ. ಕ್ರಮೇಣ ಅವರ ಔಷಧಿಗೆ ದೂರದ ಊರುಗಳಿಂದಲೂ ಬೇಡಿಕೆ ಬಂತು. ಅಂಚೆಯ ಮೂಲಕ ಮಾರಿ ಬಂದ ಹಣವನ್ನು ಬಡ ರೋಗಿಗಳಿಗೆ ವೆಚ್ಚ ಮಾಡಿದರು.

ಯಾರೂ ಮುಟ್ಟದವರಿಗೆ ಒಂದು ಮನೆ

ಕುಷ್ಠರೋಗ ಬ್ಯಾಕ್ಟೀರಿಯಾದಿಂದ ಬರುತ್ತದೆ ಎಂಬುದನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಕಂಡಿದ್ದರು. ಆದರೆ ಜನರ ಮನಸ್ಸಿನಲ್ಲಿ ಅದು ಶಾಪ, ಪೂರ್ವಜನ್ಮದ ಪಾಪ, ರಕ್ತದಲ್ಲಿ ಇಳಿದು ಬರುವ ರೋಗ. ರೋಗ ಕಾಣಿಸಿಕೊಂಡವರನ್ನು ಮನೆಯವರೇ ಹೊರಗಿಡುತ್ತಿದ್ದರು. ಬ್ರಿಟಿಷ್ ಸರ್ಕಾರವೂ 1898ರಲ್ಲಿ ಒಂದು ಕಾಯ್ದೆ ತಂದು ಭಿಕ್ಷೆ ಬೇಡುವ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅವಕಾಶ ಕೊಟ್ಟಿತು.

ಆ ಕಾಯ್ದೆಗೆ 8 ವರ್ಷ ಮೊದಲೇ, 1890ರಲ್ಲಿ, ಮುಲ್ಲರ್ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. 1895ರಲ್ಲಿ ಸಾಮಾನ್ಯ ಆಸ್ಪತ್ರೆ ಬಂತು. ಪ್ಲೇಗ್ ಹಬ್ಬಿದಾಗ 1902ರಲ್ಲಿ ಅದಕ್ಕೂ ಪ್ರತ್ಯೇಕ ಆಸ್ಪತ್ರೆ ತೆರೆದರು. ಸರ್ಕಾರ 1907ರಲ್ಲಿ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1910ರ ನವೆಂಬರ್ 1ರಂದು ಮುಲ್ಲರ್ ತೀರಿಕೊಂಡರು. ಮಂಗಳೂರಿಗೆ ಬಂದು ಆಗ 32ನೇ ವರ್ಷ ನಡೆಯುತ್ತಿತ್ತು.

ಹಾಗಾದರೆ ಆ ಗುಳಿಗೆಗಳು?

ಹೋಮಿಯೋಪತಿಯಲ್ಲಿ ಮೂಲವಸ್ತುವನ್ನು ಮತ್ತೆ ಮತ್ತೆ ತೆಳುಗೊಳಿಸುತ್ತಾರೆ. ಒಂದು ಹನಿಯನ್ನು 99 ಹನಿ ನೀರು ಅಥವಾ ಆಲ್ಕೋಹಾಲ್‌ಗೆ ಬೆರೆಸುವುದು ಒಂದು ಸುತ್ತು. ಹೀಗೆ 12 ಸುತ್ತು ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಾಧ್ಯತೆ ತೀರಾ ಕಡಿಮೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 30ರ ಪೊಟೆನ್ಸಿಯ ಔಷಧಿಗೆ ಹೀಗೆ 30 ಸುತ್ತು ಆಗಿರುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ, ಯಾವ ಕಾಯಿಲೆಯಲ್ಲೂ ಹೋಮಿಯೋಪತಿ ಪರಿಣಾಮಕಾರಿ ಎನ್ನಲು ನಂಬಲರ್ಹ ಆಧಾರವಿಲ್ಲ ಎಂದು 2015ರಲ್ಲಿ ಹೇಳಿತು.

ಆದರೂ ಆ ಕಾಲದ ಜನ ಹೋಮಿಯೋಪತಿಯನ್ನು ಏಕೆ ನಂಬಿದರು? ಬಹಳಷ್ಟು ಜ್ವರ, ಕೆಮ್ಮು, ಭೇದಿ ತಾವಾಗಿಯೇ ಇಳಿಯುತ್ತವೆ, ಹೆಸರು ಕೊನೆಗೆ ನುಂಗಿದ ಗುಳಿಗೆಗೆ ಬರುತ್ತದೆ. ಇನ್ನೊಂದು ಕಾರಣ, 19ನೇ ಶತಮಾನದಲ್ಲಿ ಬೇರೆ ವೈದ್ಯರು ಕೊಡುತ್ತಿದ್ದ ಚಿಕಿತ್ಸೆಯೇ ಹಲವು ಸಲ ಅಪಾಯಕಾರಿಯಾಗಿತ್ತು. ರಕ್ತ ಹರಿಸುವುದು, ಪಾದರಸ ಬೆರೆತ ಔಷಧಿ ಕೊಡುವುದು, ಬಲವಂತವಾಗಿ ಭೇದಿ ಮಾಡಿಸುವುದು ಇವೆಲ್ಲ ನಡೆಯುತ್ತಿದ್ದವು. 1854ರಲ್ಲಿ ಲಂಡನ್‌ನಲ್ಲಿ ಕಾಲರಾ ಬಂದಾಗ ಅಲ್ಲಿನ ಹೋಮಿಯೋಪತಿ ಆಸ್ಪತ್ರೆಯಲ್ಲಿ ಸತ್ತವರ ಪ್ರಮಾಣ ಬೇರೆ ಆಸ್ಪತ್ರೆಗಳಿಗಿಂತ ಕಡಿಮೆಯಿತ್ತು. ಸಕ್ಕರೆ ಗುಳಿಗೆ ಕಾಲರಾವನ್ನು ಗೆಲ್ಲಲಿಲ್ಲ. ಆದರೆ ಅದು ರೋಗಿಯ ದೇಹವನ್ನು ಇನ್ನಷ್ಟು ಬಳಲಿಸಲೂ ಇಲ್ಲ.

ನಿಜವಾಗಿ ಉಪಕಾರ ಮಾಡಿದ್ದು ಯಾವುದು?

1890ರಲ್ಲಿ ಕುಷ್ಠರೋಗವನ್ನು ಪೂರ್ತಿ ಗುಣಪಡಿಸುವ ಔಷಧಿ ಜಗತ್ತಿನ ಯಾವ ವೈದ್ಯರ ಬಳಿಯೂ ಇರಲಿಲ್ಲ. ಮುಲ್ಲರ್ ಅವರ ಗುಳಿಗೆಯೂ ಅದನ್ನು ಗುಣಪಡಿಸುವಂತಿರಲಿಲ್ಲ. ಹಾಗೆಂದು ಅವರ ಆಸ್ಪತ್ರೆ ವ್ಯರ್ಥವಾಗಿತ್ತು ಎನ್ನುವಂತಿಲ್ಲ.

ಕುಷ್ಠರೋಗ ಬೆರಳನ್ನು ತಿಂದುಹಾಕುತ್ತದೆ ಎಂಬುದು ತಪ್ಪು ಕಲ್ಪನೆ. ರೋಗಾಣು ನರಗಳಿಗೆ ಪೆಟ್ಟು ಕೊಡುತ್ತದೆ, ಸ್ಪರ್ಶ ಹೋಗುತ್ತದೆ. ಒಲೆಯ ಮೇಲಿನ ಪಾತ್ರೆ ಸುಟ್ಟರೂ, ಹೊಲದಲ್ಲಿ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗಾಯ ಕೀವಾಗಿ, ಮೂಳೆಗೆ ಇಳಿದು ಬೆರಳು ಸವೆಯುತ್ತದೆ. ಹೀಗಿರುವಾಗ ತಲೆಯ ಮೇಲೊಂದು ಸೂರು, ಹೊತ್ತಿಗೆ ಸರಿಯಾಗಿ ಊಟ, ಗಾಯ ತೊಳೆದು ಬಟ್ಟೆ ಕಟ್ಟುವ ಕೈ ಸಿಕ್ಕರೆ ಎಷ್ಟೋ ಅಂಗವೈಕಲ್ಯ ತಪ್ಪುತ್ತದೆ. ಇಂದಿಗೂ ನರಕ್ಕೆ ಪೆಟ್ಟಾದವರಿಗೆ ಮಾತ್ರೆಯ ಜೊತೆಗೆ ಕೈಕಾಲಿನ ಆರೈಕೆಯನ್ನು ಕಲಿಸುತ್ತಾರೆ. ಎಲ್ಲರೂ ದೂರ ತಳ್ಳಿದವರನ್ನು ಹತ್ತಿರ ಕರೆಯುವ ಧೈರ್ಯವನ್ನು ಮುಲ್ಲರ್ ಅವರಿಗೆ ಕೊಟ್ಟದ್ದು ಅವರ ಶ್ರದ್ಧೆ. ಅದರ ಬೆಲೆಯನ್ನು ನಾವು ಕಡಿಮೆ ಮಾಡುವುದಿಲ್ಲ. ಆದರೆ ಅದೇ ಶ್ರದ್ಧೆಯನ್ನು ಗುಳಿಗೆಗೆ ಸಾಕ್ಷಿಯಾಗಿ ತೋರಿಸಲು ಬರುವುದಿಲ್ಲ. ಮನುಷ್ಯ ಒಳ್ಳೆಯವರೇ ಎಂಬುದಕ್ಕೂ ಔಷಧಿ ಕೆಲಸ ಮಾಡುತ್ತದೆಯೇ ಎಂಬುದಕ್ಕೂ ಪರೀಕ್ಷೆ ಬೇರೆ ಬೇರೆ.

ಇವತ್ತು ನಮ್ಮ ಕೈಯಲ್ಲಿರುವುದು

ಮುಲ್ಲರ್ ತೀರಿಕೊಂಡು ಮೂರು ದಶಕ ಕಳೆದ ಮೇಲೆ ಡ್ಯಾಪ್ಸೋನ್ ಬಂತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದಕ್ಕಿಂತ ಹೆಚ್ಚು ಔಷಧಿಗಳನ್ನು ಒಟ್ಟಿಗೆ ಕೊಡುವ ಎಂ.ಡಿ.ಟಿ. ಚಿಕಿತ್ಸೆಯನ್ನು ಶಿಫಾರಸು ಮಾಡಿತು. ರೋಗದ ಮಟ್ಟ ನೋಡಿ 6 ಅಥವಾ 12 ತಿಂಗಳು ಮಾತ್ರೆ ತೆಗೆದುಕೊಂಡರೆ ಕುಷ್ಠರೋಗ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮಾತ್ರೆ ಉಚಿತ. ಚಿಕಿತ್ಸೆ ಶುರುವಾದ ಮೇಲೆ ರೋಗಿಯಿಂದ ಇನ್ನೊಬ್ಬರಿಗೆ ಹರಡುವ ಭಯ ಬೇಗನೆ ಹೋಗುತ್ತದೆ. ಇದು ವಂಶದಿಂದ ಬರುವ ರೋಗವಲ್ಲ, ಕೈ ಕುಲುಕಿದರೆ ಅಂಟುವುದೂ ಇಲ್ಲ. ಗಂಡ ಅಥವಾ ಹೆಂಡತಿಗೆ ಕುಷ್ಠರೋಗವಿದೆ ಎಂಬ ಕಾರಣಕ್ಕೆ ವಿಚ್ಛೇದನ ಕೇಳುವ ಅವಕಾಶವನ್ನೂ 2019ರ ಕಾನೂನು ತಿದ್ದುಪಡಿ ತೆಗೆದುಹಾಕಿದೆ.

ಮುಲ್ಲರ್ ಹೆಸರಿನ ಸಂಸ್ಥೆಯೂ ಅವರ ಕಾಲದಲ್ಲೇ ನಿಂತುಬಿಡಲಿಲ್ಲ. 1985ರಲ್ಲಿ ಹೋಮಿಯೋಪತಿ ಕಾಲೇಜು ತೆರೆದ ಅದೇ ಸಂಸ್ಥೆ ಮುಂದೆ ಆಧುನಿಕ ವೈದ್ಯಕೀಯ ಕಾಲೇಜನ್ನೂ ಆರಂಭಿಸಿತು.

ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನ ದರ್ಶನಕ್ಕೋ, ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೋ ಹೋಗುವವರನ್ನು ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹರಕೆ ಹೊತ್ತುಕೊಳ್ಳಿ, ಮಾತ್ರೆಯನ್ನೂ ಬಿಡಬೇಡಿ. ನಿಮ್ಮ ಮೈಮೇಲಾಗಲಿ ಮನೆಯವರ ಮೈಮೇಲಾಗಲಿ ಬಣ್ಣ ಮಾಸಿದ ಅಥವಾ ಕೆಂಪಾದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಊರಿನ ಆಶಾ ಕಾರ್ಯಕರ್ತೆಗೆ ತೋರಿಸಿ. ಇಲ್ಲವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ವಾರವೇ ಹೋಗಿ ಬನ್ನಿ.