ಸಹಿಯ ಹೊಣೆ

ಬಳ್ಳಾರಿಯ ಕೋಟೆಯನ್ನು ಕುರಿತು ಆ ಸೀಮೆಯ ಜನ ಹೇಳುವ ಕಥೆಯೊಂದುಂಟು. ಹೈದರಾಲಿಯು ಕೋಟೆಯನ್ನು ಬಲಪಡಿಸುವ ಕಾರ್ಯವನ್ನು ಫ್ರೆಂಚ್ ಇಂಜಿನಿಯರನೊಬ್ಬನಿಗೆ ವಹಿಸಿದನಂತೆ. ಕೆಲಸ ಮುಗಿದ ಮೇಲೆ, ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿದೆಯೆಂದೂ ಶತ್ರುವಿನ ಫಿರಂಗಿಗಳು ಅಲ್ಲಿಂದ ಕೋಟೆಯನ್ನು ಸುಲಭವಾಗಿ ಹೊಡೆಯಬಲ್ಲವೆಂದೂ ತಿಳಿದುಬಂತು. ಕೋಪಗೊಂಡ ಹೈದರನು ಆ ಇಂಜಿನಿಯರನನ್ನು ಕೋಟೆಯ ಬಾಗಿಲಲ್ಲಿಯೇ ಗಲ್ಲಿಗೇರಿಸಿದನಂತೆ. ದಂತಕಥೆಯಾದರೂ ಇದರಲ್ಲೊಂದು ತತ್ತ್ವ ಅಡಗಿದೆ: ಕಟ್ಟುವವನು ತನ್ನ ಕೃತಿಗೆ ತಾನೇ ಉತ್ತರವಾದಿ. ಆದರೆ ಆ ದಂಡನೆಯಿಂದ ಕೋಟೆಯೇನೂ ಎತ್ತರವಾಗಲಿಲ್ಲ. ಹೊಣೆಯ ಅರಿವು ನಕ್ಷೆಗೆ ಸಹಿ ಹಾಕುವ ಮೊದಲೇ ಇರಬೇಕು. ಈ ಅರಿವನ್ನು ಬಾಳಿನ ವ್ರತವಾಗಿ ಪಾಲಿಸಿದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಹುಟ್ಟೂರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ಓದಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಶಿಕ್ಷಣ ಪೂರೈಸಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ, ನೀರಿನ ಮಟ್ಟಕ್ಕೆ ತಕ್ಕಂತೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳು ಅವರಿಗೆ ಹೆಸರು ತಂದವು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದ್ ನಗರವನ್ನು ಕೊಚ್ಚಿತು. ಸಾವಿರಾರು ಜನ ಮಡಿದರು. ಪರಿಹಾರ ಸೂಚಿಸಲು ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರನ್ನು ಆಹ್ವಾನಿಸಿತು. ನದಿಯ ದಡದಲ್ಲೊಂದು ಗೋಡೆಯೆಬ್ಬಿಸಿ ಅವರು ಕೈತೊಳೆದುಕೊಳ್ಳಲಿಲ್ಲ. ಮೇಲ್ಭಾಗದ ಮಳೆಯ ಪ್ರಮಾಣವನ್ನು ಲೆಕ್ಕಹಾಕಿ, ನಗರಕ್ಕಿಂತ ಮೇಲೆ ಎರಡು ಜಲಾಶಯಗಳನ್ನು ಕಟ್ಟಬೇಕೆಂದು ತಿಳಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲ.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದರು. ಕಾವೇರಿಗೆ ಕನ್ನಂಬಾಡಿಯಲ್ಲಿ ಅಣೆಕಟ್ಟು ಕಟ್ಟುವ ಅವರ ಯೋಜನೆಯ ವೆಚ್ಚವನ್ನು ಕಂಡು ಹಲವರು ಹಿಂಜರಿದರು. ಅಂಕಿ ಅಂಶಗಳಿಂದಲೇ ಅವರು ಆ ಸಂಶಯಗಳಿಗೆ ಉತ್ತರಿಸಿದರು. 1911ರಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರದ ಆಕ್ಷೇಪದಿಂದಾಗಿ ಆಗ ದೊರೆತದ್ದು 80 ಅಡಿ ಎತ್ತರಕ್ಕೆ ಮಾತ್ರ ಅನುಮತಿ. ಅವರ ಯೋಜನೆಯೋ 124 ಅಡಿಯದು. 80 ಅಡಿಗೆ ಸಾಲುವ ತಳಪಾಯದ ಮೇಲೆ ಮುಂದೆ 124 ಅಡಿ ಏರಿಸಿದರೆ ಗತಿಯೇನು? ಕೆಳಗೆ ಶ್ರೀರಂಗಪಟ್ಟಣವಿತ್ತು, ನೂರಾರು ಹಳ್ಳಿಗಳಿದ್ದವು. ಆದುದರಿಂದ ಪೂರ್ಣ ಎತ್ತರವನ್ನು ಹೊರಬಲ್ಲ ಅಗಲವಾದ ತಳಪಾಯವನ್ನೇ ಹಾಕಿಸಲಾಯಿತು. ನೀರಿನಡಿ ಮುಚ್ಚಿಹೋಗುವ ಆ ಭಾಗವನ್ನು ಯಾರೂ ಮೆಚ್ಚಿ ನೋಡುವಂತಿರಲಿಲ್ಲ. ಆದರೆ ಕಾಣುವ ಕಟ್ಟೆಯನ್ನೆಲ್ಲ ಹೊತ್ತು ನಿಂತದ್ದು ಅದೇ.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನು ಅರಸಿ ಬಂತು. ನೂರು ವರ್ಷಗಳ ತುಂಬುಬಾಳನ್ನು ಬಾಳಿ 1962ರಲ್ಲಿ ಅವರು ಕಣ್ಮುಚ್ಚಿದರು.

ಅಣೆಕಟ್ಟಿಗೆ ಸಲ್ಲುವ ಮಾತು ಸಣ್ಣ ಮನೆಗೂ ಸಲ್ಲುತ್ತದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರುಕುಬಿಡುತ್ತದೆ. ಆ ನೆಲವನ್ನು ಪರೀಕ್ಷಿಸದೆ ಕಟ್ಟಿದ ಗೋಡೆಯೂ ಅದರೊಡನೆ ಸೀಳುತ್ತದೆ. 2019ರ ಮಾರ್ಚಿಯಲ್ಲಿ ಧಾರವಾಡದಲ್ಲಿ ನಿರ್ಮಾಣದ ಹಂತದಲ್ಲಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಇಂತಹ ದುರಂತಗಳಾದಾಗ ಕಾನೂನು ತಪ್ಪಿತಸ್ಥರನ್ನು ಹುಡುಕಿ ಶಿಕ್ಷಿಸಬಹುದು; ಹೋದ ಜೀವವನ್ನು ಮರಳಿ ತರಲಾರದು.

ಮನೆಯಲ್ಲಿ ವಾಸಿಸುವವರಿಗೆ ಕಂಬಿಯ ದಪ್ಪವೂ ತಳಪಾಯದ ಆಳವೂ ತಿಳಿಯದು. ನಕ್ಷೆಯ ಮೂಲೆಯಲ್ಲಿರುವ ಸಹಿಯನ್ನು ನಂಬಿ ಅವರು ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಇಂಜಿನಿಯರನಾಗಲಿ ವಾಸ್ತುಶಿಲ್ಪಿಯಾಗಲಿ ಲೇಖನಿಯನ್ನು ಎತ್ತುವ ಮುನ್ನ ನೆನೆಯಬೇಕಾದದ್ದು ಆ ನಂಬಿಕೆಯನ್ನು.