ಚಿತ್ರದಲ್ಲಿ ಕಾಣದ ಐದು ವರ್ಷ

ಬ್ರಿಟಿಷ್ ನೌಕಾಧಿಕಾರಿ ಹೊರೇಷಿಯೊ ನೆಲ್ಸನ್ ಎಂದರೆ ಎಲ್ಲರಿಗೂ ಟ್ರಫಾಲ್ಗರ್ ಕದನ ನೆನಪಾಗುತ್ತದೆ. ನನಗೆ ನೆನಪಾಗುವುದು ಆತನ ಒಂದು ತೈಲಚಿತ್ರ.

1777ರಲ್ಲಿ, 18ನೇ ವಯಸ್ಸಿಗೆ ನೆಲ್ಸನ್ ಲೆಫ್ಟಿನೆಂಟ್ ಆದಾಗ ಕಲಾವಿದ ಜಾನ್ ಫ್ರಾನ್ಸಿಸ್ ರಿಗೋ ಅದನ್ನು ಆರಂಭಿಸಿದ. ಅದು ಮುಗಿಯುವ ಮೊದಲೇ ನೆಲ್ಸನ್ ಜಮೈಕಾಕ್ಕೆ ಹಡಗು ಹತ್ತಿದ. ಜ್ವರದಿಂದ ಬಸವಳಿದು ಮರಳಿದ ಆತ 1781ರಲ್ಲಿ ಮತ್ತೆ ಚಿತ್ರಕ್ಕೆ ಕುಳಿತಾಗ ಕ್ಯಾಪ್ಟನ್ ಆಗಿದ್ದ! ರಿಗೋ ಹಳೆಯ ಸಮವಸ್ತ್ರದ ಮೇಲೆಯೇ ಕ್ಯಾಪ್ಟನ್ ಸಮವಸ್ತ್ರ ಬರೆದ. ಹಿನ್ನೆಲೆಗೆ, ನೆಲ್ಸನ್ ಮುತ್ತಿಗೆಯಲ್ಲಿ ಪಾಲ್ಗೊಂಡಿದ್ದ ನಿಕರಾಗುವಾದ ಸ್ಯಾನ್ ಜುವಾನ್ ಕೋಟೆಯನ್ನು ಸೇರಿಸಿದ.

ಆದರೆ ಬಡ್ತಿಯ ಕಥೆ ಅಲ್ಲಿಗೇ ನಿಂತಿತು. 1787ರ ಕೊನೆಗೆ ಆತನ ಕೈಯಲ್ಲಿ ಹಡಗೇ ಇರಲಿಲ್ಲ. ಶಾಂತಿಕಾಲದಲ್ಲಿ ಹುದ್ದೆಗಳು ಕಡಿಮೆ. ವೆಸ್ಟ್ ಇಂಡೀಸ್‌ನಲ್ಲಿ ವ್ಯಾಪಾರ ಕಾನೂನು ಬಿಗಿಗೊಳಿಸಿ ಪ್ರಭಾವಿಗಳ ವೈರವನ್ನೂ ಕಟ್ಟಿಕೊಂಡಿದ್ದ. ಹುಟ್ಟೂರಲ್ಲಿ ಅರ್ಧ ಸಂಬಳದ ಮೇಲೆ ಐದು ವರ್ಷ. ಎಷ್ಟು ಮನವಿ ಮಾಡಿದರೂ ಹಡಗು ಸಿಗಲಿಲ್ಲ.

1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಕವಿದಾಗ ‘ಅಗಮೆಮ್ನಾನ್’ ಹಡಗು ಸಿಕ್ಕಿತು. ಮುಂದೆ ಬಲಗಣ್ಣಿನ ದೃಷ್ಟಿ ಹೋಯಿತು, ಬಲಗೈ ಹೋಯಿತು. 1805ರಲ್ಲಿ ಟ್ರಫಾಲ್ಗರ್ ಗೆದ್ದು ಅಲ್ಲೇ ಪ್ರಾಣ ಬಿಟ್ಟ.

ಕೆಲಸಕ್ಕಾಗಿ ಅರ್ಜಿ ಹಾಕುತ್ತಾ ಕಾಯುತ್ತಿರುವ ನನಗೆ ಆತನ ಗೆಲುವುಗಳಿಗಿಂತ, ಯಾರೂ ಚಿತ್ರ ಬರೆಯದ ಆ ಐದು ವರ್ಷಗಳೇ ಹೆಚ್ಚು ಹತ್ತಿರ.